ಬೈಕಂಪಾಡಿಯಿಂದ ವ್ಯಂಗ್ಯಚಿತ್ರ ವೃತ್ತಿಗೆ: ದಾರಿ, ದುಡಿಮೆ, ಹಕ್ಕು

ಮಂಗಳೂರು: ನಗರದ ಉತ್ತರಕ್ಕೆ, ಪಣಂಬೂರು ಮತ್ತು ಕುಳಾಯಿಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲಗಳಲ್ಲಿ ಹಬ್ಬಿರುವ ಬೈಕಂಪಾಡಿಯನ್ನು ರಾಜ್ಯದ ಓದುಗರು ಬಲ್ಲದ್ದು ಕೈಗಾರಿಕಾ ಪ್ರದೇಶವೆಂದು. ಪಶ್ಚಿಮಕ್ಕೆ ಕಡಲು, ಮೊಗವೀರರ ಮನೆಗಳು, ಮಳೆಗಾಲ ಬಂದೊಡನೆ ಕಡಲ್ಕೊರೆತದ ಸುದ್ದಿಯಲ್ಲಿ ಕಾಣಿಸಿಕೊಳ್ಳುವ ಮೀನಕಳಿಯ. ಪೂರ್ವಕ್ಕೆ ಕಾರ್ಖಾನೆಗಳ ಶೆಡ್ಡುಗಳು, ಲಾರಿಗಳ ಸಾಲು. 1960ರಲ್ಲಿ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1974ರಲ್ಲಿ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1976ರಲ್ಲಿ ಮಂಗಳೂರು ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ತೈಲ ಸಂಸ್ಕರಣಾಗಾರ ಬಂದದ್ದು ಅದಾದ ಮೇಲೆ. ಹೀಗಾಗಿ ಈ ಸುತ್ತಳತೆಯಲ್ಲಿ ‘ಉದ್ಯೋಗ’ ಎಂಬ ಪದಕ್ಕೆ ಖಚಿತವಾದ ಅರ್ಥವೊಂದು ನೆಲೆಯೂರಿದೆ: ಗೇಟ್ ಪಾಸ್, ಪಾಳಿ, ತಿಂಗಳ ಸಂಬಳ, ಭವಿಷ್ಯನಿಧಿ.

ಇಂತಹ ಊರಿನ ಮನೆಯಲ್ಲಿ ಮಗನೋ ಮಗಳೋ ‘ಕಾರ್ಟೂನಿಸ್ಟ್ ಆಗುತ್ತೇನೆ’ ಎಂದರೆ, ‘ಚಿತ್ರ ಬಿಡಿಸು, ಬೇಡವೆಂದವರಾರು? ಹೊಟ್ಟೆಪಾಡಿಗೇನು ಮಾಡುತ್ತಿ?’ ಎಂಬ ಪ್ರಶ್ನೆ ಎದುರಾಗುವುದು ಸಹಜ. ಪ್ರಶ್ನೆ ಅನ್ಯಾಯದ್ದಲ್ಲ. ವ್ಯಂಗ್ಯಚಿತ್ರಕಾರರಿಗೆ ಖಾಯಂ ಹುದ್ದೆ ನೀಡುವ ಕನ್ನಡ ಪತ್ರಿಕೆಗಳು ಬೆರಳೆಣಿಕೆಯಷ್ಟು. ಆದರೆ ಇದೇ ಹೆದ್ದಾರಿಯ ಆಚೀಚೆಯ ಊರುಗಳಿಂದ ಹೊರಟವರು ಬೆಂಗಳೂರು, ಮುಂಬೈ ಪತ್ರಿಕೆಗಳಲ್ಲಿ ಈ ವೃತ್ತಿಯಿಂದಲೇ ಬದುಕು ಕಟ್ಟಿಕೊಂಡದ್ದೂ ನಿಜ. ಅವರು ಹತ್ತಿದ ಏಣಿಯ ಕೆಳಗಿನ ಮೆಟ್ಟಿಲುಗಳು ಈಗ ಸವೆದಿವೆ. ಆದ್ದರಿಂದ ಇಂದು ಹೊರಡುವವರು ಗೆರೆಯನ್ನಷ್ಟೇ ಅಲ್ಲ, ಒಪ್ಪಂದದ ಭಾಷೆಯನ್ನೂ ಕಾನೂನಿನ ಕಲಮುಗಳನ್ನೂ ಅರಿತಿರಬೇಕಾಗಿದೆ.

ಕೆಲಸದ ಸ್ವರೂಪ

ವ್ಯಂಗ್ಯಚಿತ್ರವೆಂಬ ಒಂದೇ ಹೆಸರಿನಡಿ ಹಲವು ಬಗೆಯ ಕೆಲಸಗಳಿವೆ. ಸಂಪಾದಕೀಯ ಪುಟದಲ್ಲಿ ಮೂರು ನಾಲ್ಕು ಕಾಲಂ ಅಗಲಕ್ಕೆ ಬರುವ ರಾಜಕೀಯ ವ್ಯಂಗ್ಯಚಿತ್ರ, ಮುಖಪುಟದ ಮೂಲೆಯ ಪಾಕೆಟ್ ಕಾರ್ಟೂನ್, ವಾರಪತ್ರಿಕೆಗಳ ನಗೆಚಿತ್ರ, ಮೂರು ನಾಲ್ಕು ಚೌಕಗಳ ಚಿತ್ರಸರಣಿ, ವ್ಯಕ್ತಿಯ ಮುಖಲಕ್ಷಣವನ್ನು ಹಿಗ್ಗಿಸಿ ಬರೆಯುವ ಕ್ಯಾರಿಕೇಚರ್, ಕಥೆ ಲೇಖನಗಳಿಗೆ ಬೇಕಾಗುವ ರೇಖಾಚಿತ್ರ. ಒಬ್ಬನೇ ಕಲಾವಿದ ಇವೆಲ್ಲವನ್ನೂ ಬರೆಯಬಹುದು; ಎಲ್ಲದರಲ್ಲೂ ಸಮಾನ ಹಿಡಿತವಿರುವವರು ವಿರಳ. ಮುಖದ ಹೋಲಿಕೆಯನ್ನು ಕ್ಷಣಾರ್ಧದಲ್ಲಿ ಹಿಡಿಯುವ ಕೈಗೆ ರಾಜಕೀಯದ ಒಳಸುಳಿ ತಿಳಿಯದಿರಬಹುದು. ಗೆರೆ ಒರಟಾದರೂ ಮಾತು ಮೊನಚಾಗಿರುವವರು ಪಾಕೆಟ್ ಕಾರ್ಟೂನಿನಲ್ಲಿ ಗೆದ್ದಿದ್ದಾರೆ.

ದಿನಪತ್ರಿಕೆಯ ವ್ಯಂಗ್ಯಚಿತ್ರಕಾರ ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಬೆಳಿಗ್ಗೆ ನಾಲ್ಕೈದು ಪತ್ರಿಕೆ, ಹಗಲಿಡೀ ಸುದ್ದಿವಾಹಿನಿಗಳ ಮೇಲೆ ಒಂದು ಕಣ್ಣು, ಸಂಪಾದಕೀಯ ವಿಭಾಗದ ಸಭೆ, ಸಂಜೆಯ ಹೊತ್ತಿಗೆ ಮೂರು ನಾಲ್ಕು ಕರಡು. ಅವುಗಳಲ್ಲೊಂದು ಸಂಪಾದಕರ ಒಪ್ಪಿಗೆ ಪಡೆದರೆ ಪುಟ ಕಟ್ಟುವ ವೇಳೆಗೆ ಪೂರ್ಣ ಚಿತ್ರ ಸಿದ್ಧವಾಗಬೇಕು. ಸ್ಫೂರ್ತಿ ಬಾರದ ದಿನಕ್ಕೂ ರಿಯಾಯಿತಿಯಿಲ್ಲ. ರಾತ್ರಿ ದೊಡ್ಡ ಸುದ್ದಿ ಬಂದರೆ ಸಂಜೆ ಮುಗಿಸಿದ ಚಿತ್ರ ಕಸದ ಬುಟ್ಟಿಗೆ ಹೋಗಿ, ಅರ್ಧ ಗಂಟೆಯಲ್ಲಿ ಇನ್ನೊಂದು ಬೇಕಾಗುತ್ತದೆ. ಹಿಂದೆ ಇಂಡಿಯನ್ ಇಂಕ್, ನಿಬ್ಬು, ಕುಂಚ, ದಪ್ಪ ಬಿಳಿ ಕಾಗದ ಈ ವೃತ್ತಿಯ ಸಲಕರಣೆಗಳಾಗಿದ್ದವು. ಈಗ ಬಹುಪಾಲು ಮಂದಿ ಟ್ಯಾಬ್ಲೆಟ್ಟಿನ ಮೇಲೆ ಡಿಜಿಟಲ್ ಪೆನ್ನಿನಿಂದ ಬರೆಯುತ್ತಾರೆ. ತಿದ್ದುವುದು, ಬಣ್ಣ ತುಂಬುವುದು, ಕಳುಹಿಸುವುದು ಸುಲಭವಾಗಿದೆ. ವಿಚಾರ ಹೊಳೆಯುವುದು ಮಾತ್ರ ಹಿಂದಿನಷ್ಟೇ ಕಷ್ಟ.

ವಿಚಾರವೆಂದರೇನು ಎಂಬುದಕ್ಕೆ ಬೈಕಂಪಾಡಿಗೆ ಸಮೀಪದ ಉದಾಹರಣೆಯನ್ನೇ ನೋಡಬಹುದು. ಸುರತ್ಕಲ್‌ನ ಟೋಲ್ ಗೇಟು ವರ್ಷಗಟ್ಟಲೆ ಜನರ ಆಕ್ರೋಶಕ್ಕೆ ಗುರಿಯಾಗಿತ್ತು. ಹೋರಾಟದ ಬಳಿಕ 2022ರ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಗೇಟಿನ ಮುಂದೆ ಪೆಚ್ಚುಮೋರೆ ಹಾಕಿದ ಚಾಲಕ, ಬರಿದಾದ ಪರ್ಸು: ಇದು ಯಾರಿಗೂ ಮೊದಲು ಹೊಳೆಯುವ ಚಿತ್ರ, ಆದ್ದರಿಂದಲೇ ಬಿಡಬೇಕಾದದ್ದು. ಆ ಗೇಟಿಗೂ ಹೆಜಮಾಡಿಯ ಗೇಟಿಗೂ ನಡುವೆ ಇದ್ದ ಅಂತರ ಬಹಳ ಕಡಿಮೆ. ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರವಿರಬೇಕೆಂದು ನಿಯಮ ಹೇಳುತ್ತದೆ. ಇದನ್ನು ಓದಿಕೊಂಡವನು, ಮೊದಲ ಗೇಟಿನಲ್ಲಿ ಕೊಟ್ಟ ಹಣದ ಚಿಲ್ಲರೆಯನ್ನು ಇನ್ನೂ ಎಣಿಸುತ್ತಿರುವಾಗಲೇ ಎರಡನೇ ಗೇಟಿನಲ್ಲಿ ಕೈಯೊಡ್ಡುವ ಸಿಬ್ಬಂದಿಯನ್ನು ಬರೆಯುತ್ತಾನೆ. ಮೊದಲನೆಯದು ದುಃಖದ ಚಿತ್ರ. ಎರಡನೆಯದರಲ್ಲಿ ಆರೋಪವಿದೆ. ಸಂಪಾದಕರು ಹುಡುಕುವುದು ಎರಡನೆಯದನ್ನು.

ಕರಾವಳಿಯ ಏಣಿ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಅಕ್ಷರ ಮತ್ತು ಚಿತ್ರಗಳೆರಡನ್ನೂ ಕೈಯಲ್ಲೇ ಬರೆದು ಮುದ್ರಿಸಬಹುದಾದ ತಂತ್ರ ಅದು. ಅಂತಹ ತಂತ್ರದಿಂದ ಆರಂಭವಾದ ಕನ್ನಡ ಪತ್ರಿಕಾರಂಗದಲ್ಲಿ ಚಿತ್ರದ ಹಾಸ್ಯಕ್ಕೆ ಗಟ್ಟಿ ನೆಲೆ ಸಿಗಲು ಸುಮಾರು ಒಂದು ಶತಮಾನವೇ ಬೇಕಾದದ್ದು ಸೋಜಿಗ. ಆ ನೆಲೆ ಒದಗಿಸಿದ್ದು, ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ 1942ರಲ್ಲಿ ಬೆಂಗಳೂರಿನಿಂದ ಹೊರತಂದ ‘ಕೊರವಂಜಿ’ ಮಾಸಪತ್ರಿಕೆ. 1967ರಲ್ಲಿ ನಿಂತ ಆ ಪತ್ರಿಕೆಗೆ ಚಿತ್ರ ಬರೆದ ತರುಣರಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಒಬ್ಬರು.

ಲಕ್ಷ್ಮಣರ ಪ್ರಸಂಗ ಈ ವೃತ್ತಿ ಬಯಸುವವರೆಲ್ಲರೂ ತಿಳಿದಿರಬೇಕಾದದ್ದು. ಮುಂಬೈಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಮುಗಿಸಿ, ಸಣ್ಣಪುಟ್ಟ ಪತ್ರಿಕೆಗಳಿಗೆ ಬರೆದು, ಮುಂಬೈಯ ‘ಫ್ರೀ ಪ್ರೆಸ್ ಜರ್ನಲ್’ ಮೂಲಕ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. 1951ರಲ್ಲಿ ಆರಂಭವಾದ ‘ಯೂ ಸೆಡ್ ಇಟ್’ ಮಾಲಿಕೆಯ ಚೌಕುಳಿ ಕೋಟಿನ ಶ್ರೀಸಾಮಾನ್ಯ ದಶಕಗಳ ಕಾಲ ಮಾತನಾಡದೆಯೇ ದೇಶವನ್ನು ನೋಡುತ್ತ ನಿಂತ. 2015ರ ಜನವರಿ 26ರಂದು ಲಕ್ಷ್ಮಣ್ ತೀರಿಕೊಂಡಾಗ ಅವರಿಗೆ 93 ವರ್ಷ. ರಾಜ್ಯದೊಳಗೆ ‘ಡೆಕ್ಕನ್ ಹೆರಾಲ್ಡ್’ನ ಬಿ.ವಿ. ರಾಮಮೂರ್ತಿ ತಮ್ಮ ‘ಮಿಸ್ಟರ್ ಸಿಟಿಜನ್’ ಮೂಲಕ ಮನೆಮಾತಾದರು. ಮುಂದೆ ‘ಪ್ರಜಾವಾಣಿ’ಯ ‘ಚಿನಕುರಳಿ’ಯಲ್ಲಿ ಪಿ. ಮಹಮ್ಮದ್ ಪಾಕೆಟ್ ಕಾರ್ಟೂನಿಗೆ ತಮ್ಮದೇ ಮೊನಚು ತಂದರು.

ಕರಾವಳಿಯ ಮಟ್ಟಿಗೆ, 1970ರ ಜನವರಿ 1ರಂದು ಮಣಿಪಾಲದಿಂದ ಆರಂಭವಾದ ‘ಉದಯವಾಣಿ’ ಮತ್ತು ಆ ಬಳಗದ ನಿಯತಕಾಲಿಕಗಳು, 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಬಂಡವಾಳ ಸಂಗ್ರಹಿಸಿ ಮಂಗಳೂರಿನಲ್ಲಿ ಕಟ್ಟಿದ ‘ಮುಂಗಾರು’, ಆನಂತರದ ಸ್ಥಳೀಯ ದಿನಪತ್ರಿಕೆಗಳು ಏಣಿಯ ಕೆಳಗಿನ ಮೆಟ್ಟಿಲುಗಳಾಗಿದ್ದವು. ‘ಮುಂಗಾರು’ ಬಹುಕಾಲ ಬಾಳಲಿಲ್ಲ. ಆದರೂ ಅಲ್ಲಿ ಪಳಗಿದವರು ರಾಜ್ಯದ ಪತ್ರಿಕೋದ್ಯಮದ ತುಂಬ ಹರಡಿಕೊಂಡರು. ಕರಾವಳಿಯವರೇ ಆದ ಪ್ರಕಾಶ್ ಶೆಟ್ಟಿ ಮುಂದೆ ‘ದಿ ವೀಕ್’ ಪತ್ರಿಕೆಯಲ್ಲಿ ಹೆಸರು ಮಾಡಿ, ‘ವಾರೆಕೋರೆ’ ಎಂಬ ಹಾಸ್ಯಪತ್ರಿಕೆಯನ್ನು ತಾವೇ ಹೊರತಂದರು. ಗಂಗೊಳ್ಳಿಯ ಪಂಜು ಗಂಗೊಳ್ಳಿ ಮುಂಬೈಯ ಪತ್ರಿಕಾ ವಲಯದಲ್ಲಿ ನೆಲೆಸಿದರು.

ಇತ್ತೀಚಿನ ಉದಾಹರಣೆ ಕುಂದಾಪುರದ ಸತೀಶ್ ಆಚಾರ್ಯ. ಅವರದೂ ಕಲಾಶಾಲೆಯ ಹಾದಿಯಲ್ಲ. ಮಂಗಳೂರು ವಿಶ್ವವಿದ್ಯಾಲಯದ ಎಂಬಿಎ ಪದವಿ ಹಿಡಿದು ಮುಂಬೈಗೆ ಹೋದವರು, ಜಾಹೀರಾತು ಕ್ಷೇತ್ರದಲ್ಲಿ ದುಡಿದು, ‘ಮಿಡ್ ಡೇ’ ಪತ್ರಿಕೆಯ ವ್ಯಂಗ್ಯಚಿತ್ರಕಾರರಾದರು. 2015ರ ಜನವರಿ 7ರಂದು ಪ್ಯಾರಿಸಿನ ‘ಶಾರ್ಲಿ ಎಬ್ಡೊ’ ಕಚೇರಿಯ ಮೇಲೆ ದಾಳಿ ನಡೆದಾಗ ಅವರು ಬರೆದ ಚಿತ್ರ ವಿದೇಶಿ ಮಾಧ್ಯಮಗಳ ಗಮನವನ್ನೂ ಸೆಳೆಯಿತು. ಅಷ್ಟರಲ್ಲಾಗಲೇ ಅವರು ಮುಂಬೈ ಬಿಟ್ಟು ಕುಂದಾಪುರಕ್ಕೆ ಮರಳಿದ್ದರು ಎಂಬುದು ಇಲ್ಲಿ ಮುಖ್ಯ. ಮಹಾನಗರದ ಪತ್ರಿಕೆಗೆ ಊರಿನಿಂದಲೇ ಚಿತ್ರ ಕಳುಹಿಸುವುದು ಸಾಧ್ಯವೆಂದು ತೋರಿಸಿದವರಲ್ಲಿ ಅವರು ಪ್ರಮುಖರು. ಬೈಕಂಪಾಡಿಯಿಂದ ಕುಂದಾಪುರಕ್ಕೆ ಅದೇ ಹೆದ್ದಾರಿಯಲ್ಲಿ ಸುಮಾರು 80 ಕಿ.ಮೀ.

ಆದರೆ ಆ ತಲೆಮಾರು ಹೊರಟ ಕಾಲದಲ್ಲಿ ಸ್ಥಳೀಯ ಪತ್ರಿಕೆಯ ಒಂದು ಕಾಲಂ ಜಾಗ ಹೊಸಬರಿಗೆ ಸಿಗುತ್ತಿತ್ತು. ವಾರಪತ್ರಿಕೆಗಳು ಅಂಚೆಯಲ್ಲಿ ಬಂದ ನಗೆಚಿತ್ರಗಳನ್ನು ಆರಿಸಿ ಪ್ರಕಟಿಸಿ, ಸಂಭಾವನೆಯ ಮನಿಯಾರ್ಡರ್ ಕಳುಹಿಸುತ್ತಿದ್ದವು. ಮೊತ್ತ ಸಣ್ಣದಾದರೂ ಅಚ್ಚಾದ ಚಿತ್ರವೊಂದು ಮನೆಯಲ್ಲಿ ತೋರಿಸಲು ಸಿಗುತ್ತಿತ್ತು. ಈಗ ಪತ್ರಿಕೆಗಳ ಪುಟಗಳೇ ಕಡಿಮೆಯಾಗಿವೆ. 2020ರ ಕೋವಿಡ್ ದಿನಗಳಲ್ಲಿ ಇಳಿದ ಪುಟಗಳೆಲ್ಲ ಮತ್ತೆ ಏರಲಿಲ್ಲ. ಇದು ಕನ್ನಡಕ್ಕೆ ಸೀಮಿತವಾದ ಸಂಕಟವಲ್ಲ. ‘ನ್ಯೂಯಾರ್ಕ್ ಟೈಮ್ಸ್’ ತನ್ನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ದೈನಂದಿನ ರಾಜಕೀಯ ವ್ಯಂಗ್ಯಚಿತ್ರವನ್ನು 2019ರ ಜುಲೈ 1ರಿಂದ ನಿಲ್ಲಿಸಿತು. ಆಕ್ಷೇಪಕ್ಕೆ ಗುರಿಯಾದದ್ದು ಒಂದು ಚಿತ್ರ; ಜಾಗ ಹೋದದ್ದು ಎಲ್ಲ ಚಿತ್ರಗಳಿಗೂ.

ಕಲಿಯುವುದೆಲ್ಲಿ

ವ್ಯಂಗ್ಯಚಿತ್ರಕ್ಕೆಂದೇ ಮೀಸಲಾದ ಪದವಿಯನ್ನು ಹುಡುಕಿ ಸಮಯ ಕಳೆಯಬೇಕಿಲ್ಲ. ಮಂಗಳೂರಿನಲ್ಲಿ ಮಹಾಲಸಾ ದೃಶ್ಯಕಲಾ ಶಾಲೆಯಂತಹ ಸಂಸ್ಥೆಗಳಿವೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇವೆ. ಇಲ್ಲಿ ಕಲಿಯುವ ಮಾನವ ದೇಹರಚನೆ, ಪರಿಪ್ರೇಕ್ಷ್ಯ, ನೆರಳು ಬೆಳಕುಗಳ ಜ್ಞಾನ ವ್ಯಂಗ್ಯಚಿತ್ರಕ್ಕೂ ಅಗತ್ಯ. ಅಂಗವನ್ನು ಸರಿಯಾಗಿ ಬರೆಯಬಲ್ಲವನು ಮಾತ್ರ ಅದನ್ನು ಬೇಕೆಂತಲೇ ವಿರೂಪಗೊಳಿಸಬಲ್ಲ. ರಾಜಕೀಯ ವ್ಯಂಗ್ಯಚಿತ್ರ ಬಯಸುವವರಿಗೆ ಪತ್ರಿಕೋದ್ಯಮ, ರಾಜ್ಯಶಾಸ್ತ್ರ ಅಥವಾ ಅರ್ಥಶಾಸ್ತ್ರದ ಪದವಿ ಕಲಾಪದವಿಗಿಂತ ಹೆಚ್ಚು ಒದಗಿ ಬರಬಹುದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗವಿದೆ. ಬಜೆಟ್ ಪ್ರತಿ ಓದಲು ಬೇಸರಪಡುವವರು ಬಜೆಟ್ ದಿನದ ಚಿತ್ರದಲ್ಲಿ ಪ್ರತಿವರ್ಷವೂ ಹರಿದ ಜೇಬನ್ನೇ ಬರೆಯುತ್ತಾರೆ.

ಈ ವಿದ್ಯೆ ಬಹುಕಾಲ ಸಾಗಿ ಬಂದದ್ದು ಹಿರಿಯರ ಮೇಜಿನ ಪಕ್ಕದಲ್ಲಿ. ಕಾರ್ಟೂನಿಸ್ಟ್ ಶಂಕರ್ ದೆಹಲಿಯಲ್ಲಿ 1948ರಿಂದ 1975ರವರೆಗೆ ನಡೆಸಿದ ‘ಶಂಕರ್ಸ್ ವೀಕ್ಲಿ’ ದೇಶದ ಹಲವರಿಗೆ ಗುರುಕುಲವಾಗಿತ್ತು. ಅಲ್ಲಿ ಪಳಗಿದ ಕನ್ನಡಿಗ ವಿ.ಜಿ. ನರೇಂದ್ರ ಬೆಂಗಳೂರಿನ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಎಂ.ಜಿ. ರಸ್ತೆಯ ಸಮೀಪದ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಇದರ ಗ್ಯಾಲರಿ 2007ರಿಂದ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಮುದ್ರಿತ ಚಿತ್ರ ನೋಡಿ ಕಲಿಯುವುದಕ್ಕೂ ಮೂಲಚಿತ್ರದ ಮುಂದೆ ನಿಂತು, ನಿಬ್ಬು ಎಲ್ಲಿ ಒತ್ತಿದೆ, ಬಿಳಿ ಬಣ್ಣದಿಂದ ಎಲ್ಲಿ ತಿದ್ದಿದೆ ಎಂದು ಕಂಡುಕೊಳ್ಳುವುದಕ್ಕೂ ಅಂತರವಿದೆ. ಸಂಸ್ಥೆ ಮಾಯಾ ಕಾಮತ್ ಹೆಸರಿನಲ್ಲಿ ವ್ಯಂಗ್ಯಚಿತ್ರ ಸ್ಪರ್ಧೆಯನ್ನೂ ನಡೆಸುತ್ತ ಬಂದಿದೆ. ಪುರುಷರದೇ ಎಂಬಂತಿದ್ದ ಈ ಕ್ಷೇತ್ರದಲ್ಲಿ ಬೆಂಗಳೂರಿನಿಂದ ರಾಜಕೀಯ ವ್ಯಂಗ್ಯಚಿತ್ರ ಬರೆದ ಮಾಯಾ ಕಾಮತ್ 2001ರಲ್ಲಿ, ಐವತ್ತರ ವಯಸ್ಸಿನಲ್ಲೇ ತೀರಿಕೊಂಡರು. ಅವರ ಹಾದಿಯಲ್ಲಿ ನಡೆದ ಕನ್ನಡದ ಹೆಣ್ಣುಮಕ್ಕಳ ಸಂಖ್ಯೆ ಇಂದಿಗೂ ತೀರ ಕಡಿಮೆ.

ಕರಾವಳಿಯವರಿಗೆ ಹತ್ತಿರದ ಅವಕಾಶವೆಂದರೆ ಕುಂದಾಪುರದಲ್ಲಿ ಸತೀಶ್ ಆಚಾರ್ಯ ಮತ್ತು ಗೆಳೆಯರು ನಡೆಸಿಕೊಂಡು ಬಂದಿರುವ ಕಾರ್ಟೂನು ಹಬ್ಬ. ಪ್ರದರ್ಶನ, ಸ್ಪರ್ಧೆ, ಕಾರ್ಯಾಗಾರಗಳ ಜೊತೆಗೆ ವೃತ್ತಿಯಲ್ಲಿರುವವರನ್ನು ಎದುರಿನಲ್ಲಿ ಕಂಡು ಮಾತನಾಡುವ ಸಂದರ್ಭವಿದು.

ಅಡಿಬರಹದ ತೊಡಕು

ಬೈಕಂಪಾಡಿಯ ಕಿವಿಗೆ ಒಂದೇ ದಿನದಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳಗಳು ಬೀಳುತ್ತವೆ. ಕಾರ್ಖಾನೆಗಳ ಗೇಟಿನಲ್ಲಿ ಹಿಂದಿಯೂ ಒಡಿಯಾವೂ ಸೇರಿಕೊಳ್ಳುತ್ತವೆ. ವ್ಯಂಗ್ಯಚಿತ್ರಕಾರನಿಗೆ ಇದು ದೊಡ್ಡ ಸಂಪತ್ತು, ಜೊತೆಗೆ ಒಂದು ತೊಡಕು ಕೂಡ. ಇಲ್ಲಿನ ಹಾಸ್ಯದ ಜೀವಾಳ ಬಹುಮಟ್ಟಿಗೆ ತುಳುವಿನಲ್ಲಿದೆ. ತುಳು ನಾಟಕದ ಸಂಭಾಷಣೆಗೆ ನಗುವ ಸಭೆ, ಅದೇ ಮಾತನ್ನು ಪುಸ್ತಕದ ಕನ್ನಡದಲ್ಲಿ ಹೇಳಿದರೆ ಸುಮ್ಮನಿರುತ್ತದೆ. ಕರಾವಳಿಯ ಹುಡುಗ ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಕನ್ನಡವನ್ನೇ ಪಾತ್ರಗಳ ಬಾಯಿಗೆ ಹಾಕಿದಾಗ ಮೀನು ಮಾರುವವಳೂ ಶಾಸಕನೂ ಒಂದೇ ಧಾಟಿಯಲ್ಲಿ ಮಾತನಾಡುತ್ತಾರೆ. ಹುಬ್ಬಳ್ಳಿ, ಕಲಬುರಗಿ, ಮಂಡ್ಯಗಳ ಓದುಗರಿಗೆ ಮುಟ್ಟುವ ಆಡುಮಾತನ್ನು ಪ್ರಯತ್ನಪೂರ್ವಕವಾಗಿಯೇ ಕಲಿಯಬೇಕು. ಪಂಜು ಗಂಗೊಳ್ಳಿ ಗೆರೆಯ ಕೆಲಸದ ಜೊತೆಗೆ ಕುಂದಾಪ್ರ ಕನ್ನಡದ ನಿಘಂಟನ್ನೂ ಕಟ್ಟಿಕೊಟ್ಟರೆಂಬುದು ಈ ದೃಷ್ಟಿಯಿಂದ ಆಕಸ್ಮಿಕವೆನಿಸುವುದಿಲ್ಲ. ಪದಗಳ ಬೆನ್ನು ಹತ್ತುವ ಚಟವಿಲ್ಲದೆ ಐದು ಪದಗಳ ಅಡಿಬರಹ ಹುಟ್ಟುವುದಿಲ್ಲ.

ದೃಶ್ಯದ ವಿಷಯದಲ್ಲಿಯೂ ಇದೇ ಮಾತು. ಯಕ್ಷಗಾನದ ಕಿರೀಟ, ಬಣ್ಣದ ವೇಷ, ಕಂಬಳದ ಕೋಣಗಳು ಇಲ್ಲಿನ ಓದುಗರಿಗೆ ವಿವರಣೆ ಬೇಡದ ರೂಪಕಗಳು. 2022ರಲ್ಲಿ ‘ಕಾಂತಾರ’ ಚಲನಚಿತ್ರ ತೆರೆಕಂಡ ಮೇಲೆ, 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದ ಮೇಲೆ ರಾಜ್ಯದ ಉಳಿದ ಭಾಗಕ್ಕೂ ಅವು ಪರಿಚಿತವಾಗಿವೆ. ಯಕ್ಷಗಾನದ ಹಾಸ್ಯಗಾರನಂತೂ ವ್ಯಂಗ್ಯಚಿತ್ರಕಾರನಿಗೆ ಸೋದರ ಸಂಬಂಧಿ. ರಾಜನ ಎದುರಲ್ಲೇ ರಾಜನ ಕೊರತೆಯನ್ನು ಆಡಿ ತೋರಿಸುವ ಪರವಾನಗಿ ಅವನಿಗಿದೆ. ಆದರೆ ದೈವದ ಚಹರೆಯನ್ನು ರಾಜಕಾರಣಿಗೆ ತೊಡಿಸುವುದು ಬೇರೆ ಮಾತು. ಅದು ಇಲ್ಲಿನ ಮನೆಗಳ ನಂಬಿಕೆಯನ್ನು ತಟ್ಟುತ್ತದೆ, ಟೀಕೆ ತಲುಪಬೇಕಾದವನನ್ನು ತಟ್ಟದೆ ಉಳಿಯುತ್ತದೆ. ಅನುಭವಿಗಳು ಇದನ್ನು ಭಯದಿಂದಲ್ಲ, ಗುರಿ ತಪ್ಪುತ್ತದೆಂಬ ಕಾರಣಕ್ಕೆ ದೂರವಿಡುತ್ತಾರೆ.

ಆದಾಯದ ಮೂಲಗಳು

ಪತ್ರಿಕೆಯ ಖಾಯಂ ಹುದ್ದೆಯೊಂದೇ ಗುರಿಯೆಂದು ಹೊರಡುವುದು ಈಗ ವಿವೇಕವಲ್ಲ. ಬಿಡಿಯಾಗಿ ದುಡಿಯುವವರ ತಿಂಗಳ ಆದಾಯ ಹಲವು ತೊರೆಗಳಿಂದ ಕೂಡಿ ಬರುತ್ತದೆ. ಪತ್ರಿಕೆ ಮತ್ತು ಜಾಲತಾಣಗಳಿಗೆ ಚಿತ್ರಕ್ಕಿಷ್ಟು ಎಂಬ ಸಂಭಾವನೆ, ಮಕ್ಕಳ ಪುಸ್ತಕ ಹಾಗೂ ಪಠ್ಯಗಳ ಚಿತ್ರ, ಜಾಹೀರಾತು ಚಿತ್ರಗಳ ದೃಶ್ಯಪಟ್ಟಿ, ಶಾಲೆಗಳಲ್ಲಿ ಶಿಬಿರ, ಮದುವೆ ಮತ್ತು ಕಂಪನಿಗಳ ಸಮಾರಂಭಗಳಲ್ಲಿ ಸ್ಥಳದಲ್ಲೇ ಬರೆದುಕೊಡುವ ಕ್ಯಾರಿಕೇಚರ್, ಸ್ವಂತ ಸಂಕಲನಗಳ ಮಾರಾಟ ಇವುಗಳಲ್ಲಿ ಸೇರಿವೆ. ಸತೀಶ್ ಆಚಾರ್ಯ ತಮ್ಮ ಸಂಕಲನಗಳನ್ನು ತಾವೇ ಪ್ರಕಟಿಸಿ ಓದುಗರಿಗೆ ನೇರವಾಗಿ ತಲುಪಿಸುತ್ತ ಬಂದಿದ್ದಾರೆ. ಸ್ಥಳದಲ್ಲೇ ಕ್ಯಾರಿಕೇಚರ್ ಬರೆಯುವುದನ್ನು ಕೆಲವರು ಕೀಳಾಗಿ ಕಾಣುತ್ತಾರೆ. ಒಂದೇ ಸಂಜೆ ಹತ್ತಾರು ಅಪರಿಚಿತ ಮುಖಗಳನ್ನು ನಾಲ್ಕೈದು ನಿಮಿಷಕ್ಕೊಂದರಂತೆ ಹಿಡಿಯುವ ಅಭ್ಯಾಸಕ್ಕೆ ಸಮಾನವಾದ ತರಬೇತಿ ಯಾವ ಶಾಲೆಯಲ್ಲೂ ಸಿಗದು.

ಬೈಕಂಪಾಡಿಯವರು ಹೆಚ್ಚಾಗಿ ಗಮನಿಸದ ಇನ್ನೊಂದು ಅವಕಾಶ ಮನೆಯ ಬಾಗಿಲಲ್ಲೇ ಇದೆ. ಕಾರ್ಖಾನೆಗಳಿಗೆ ಸುರಕ್ಷತೆಯ ಭಿತ್ತಿಪತ್ರ, ಕೈಪಿಡಿ, ಸೂಚನಾಫಲಕಗಳು ಬೇಕು. ಪ್ರತಿವರ್ಷ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ ಹಾಗೂ ಅದನ್ನನುಸರಿಸುವ ಸಪ್ತಾಹದಲ್ಲಿ ಈ ಬೇಡಿಕೆ ಹೆಚ್ಚುತ್ತದೆ. ಹಲವು ಭಾಷೆಗಳ ಕಾರ್ಮಿಕರಿರುವ ಕಡೆ ಬರಹಕ್ಕಿಂತ ಚಿತ್ರವೇ ಪರಿಣಾಮಕಾರಿ. ಹೆಲ್ಮೆಟ್ ಧರಿಸಿ ಎಂಬ ವಾಕ್ಯವನ್ನು ಓದಲಾಗದವನಿಗೂ ತಲೆಯ ಮೇಲೆ ಬೀಳುತ್ತಿರುವ ಸ್ಪ್ಯಾನರಿನ ಚಿತ್ರ ಅರ್ಥವಾಗುತ್ತದೆ. ಹೆಸರು ತಂದುಕೊಡುವ ಕೆಲಸ ಇದಲ್ಲ. ಆದರೆ ಇದರಿಂದ ಬಾಡಿಗೆ ಕಟ್ಟಿ, ರಾಜಕೀಯ ಚಿತ್ರವನ್ನು ರಾಜಿಯಿಲ್ಲದೆ ಬರೆಯುವ ಸ್ವಾತಂತ್ರ್ಯ ಕೊಳ್ಳಬಹುದು. ಲೆಕ್ಕಪತ್ರ ಇಟ್ಟುಕೊಳ್ಳುವುದು ಮೊದಲ ದಿನದಿಂದಲೇ ಅಗತ್ಯ. ಕಂಪನಿಗಳು ಪಾವತಿಯಲ್ಲಿ ಮೂಲದಲ್ಲೇ ತೆರಿಗೆ ಕಡಿತ ಮಾಡಿದರೆ ಅದನ್ನು ವಿವರಣಾಪತ್ರದಲ್ಲಿ ತೋರಿಸಿ ಹೊಂದಿಸಿಕೊಳ್ಳಬೇಕು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕ್ಷಣದಲ್ಲಿ ಚಿತ್ರ ಸೃಷ್ಟಿಸುವ ಈ ದಿನಗಳಲ್ಲಿ ಪೆಟ್ಟು ಮೊದಲು ಬೀಳುತ್ತಿರುವುದು ಲೇಖನಗಳ ರೇಖಾಚಿತ್ರ ಮತ್ತು ಸಾಮಾನ್ಯ ಅಲಂಕಾರದ ಚಿತ್ರಗಳಿಗೆ. ಮೀನಕಳಿಯದ ಕಡಲ್ಕೊರೆತಕ್ಕೆ ಸುರಿದ ಕಲ್ಲುಗಳನ್ನು ಕಂಡು ಸಿಟ್ಟಾಗುವುದು, ಆ ಸಿಟ್ಟನ್ನು ನಗೆಯಾಗಿ ತಿರುಗಿಸುವುದು ತಂತ್ರಾಂಶಕ್ಕೆ ಇನ್ನೂ ಒಲಿದಿಲ್ಲ. ಸ್ಥಳೀಯ ವಿಷಯವನ್ನು ಬಲ್ಲವರು ಸದ್ಯಕ್ಕೆ ಸ್ವಲ್ಪ ಭದ್ರ.

ಚಿತ್ರದ ಹಕ್ಕು ಯಾರದು

ಹೊಸಬರು ಅತಿ ಹೆಚ್ಚು ನಷ್ಟ ಅನುಭವಿಸುವುದು ಈ ವಿಷಯದಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಪತ್ರಿಕೆಯ ಉದ್ಯೋಗಿಯಾಗಿ ಬರೆದ ಚಿತ್ರವನ್ನು ಪತ್ರಿಕೆ, ನಿಯತಕಾಲಿಕಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಬೇರೆ ಒಪ್ಪಂದ ಇಲ್ಲದಿದ್ದರೆ ಉಳಿದೆಲ್ಲ ಹಕ್ಕು ಕಲಾವಿದನದೇ. ಅಂದರೆ ಪುಸ್ತಕವಾಗಿ ತರುವ, ಪ್ರದರ್ಶಿಸುವ, ಅಂಗಿಯ ಮೇಲೆ ಅಚ್ಚು ಹಾಕಿಸುವ ಹಕ್ಕುಗಳು ಅವನಲ್ಲೇ ಉಳಿಯುತ್ತವೆ. ಉದ್ಯೋಗಿಯಲ್ಲದೆ ಬಿಡಿಯಾಗಿ ಬರೆಯುವವನು ಸಾಮಾನ್ಯವಾಗಿ ತನ್ನ ಚಿತ್ರದ ಪೂರ್ಣ ಒಡೆಯ. 19ನೇ ಕಲಮು ಇನ್ನಷ್ಟು ಉಪಯುಕ್ತ: ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತವೆಂದು ತಿಳಿಯಬೇಕು. ಕೃತಿಸ್ವಾಮ್ಯ ಕಲಾವಿದನ ಜೀವಿತಾವಧಿ ಮತ್ತು ಆನಂತರ 60 ವರ್ಷ ಬಾಳುತ್ತದೆ. ಹಕ್ಕನ್ನು ಮಾರಿದ ಮೇಲೂ ಹೆಸರು ಕಾಣಿಸುವ ಹಾಗೂ ತನ್ನ ಗೌರವಕ್ಕೆ ಕುಂದು ತರುವಂತೆ ಚಿತ್ರ ತಿರುಚುವುದನ್ನು ತಡೆಯುವ ಹಕ್ಕು 57ನೇ ಕಲಮಿನಡಿ ಉಳಿಯುತ್ತದೆ. ‘ಸರ್ವ ಹಕ್ಕುಗಳೂ ಎಲ್ಲ ಮಾಧ್ಯಮಗಳಿಗೂ ಶಾಶ್ವತವಾಗಿ’ ಎಂಬ ಸಾಲು ಒಪ್ಪಂದದಲ್ಲಿ ಕಂಡರೆ, ಸಹಿ ಹಾಕುವ ಮುನ್ನ ಅದನ್ನು ಕಿರಿದುಗೊಳಿಸುವಂತೆ ಕೇಳಬೇಕು. ಕೇಳಿದ ಮಾತ್ರಕ್ಕೆ ಕೆಲಸ ತಪ್ಪುವುದು ಭಾವಿಸಿದಷ್ಟು ಸಾಮಾನ್ಯವಲ್ಲ.

ಉದ್ಯೋಗಿಗೆ ಇನ್ನೊಂದು ರಕ್ಷಣೆಯಿದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ‘ಪತ್ರಕರ್ತ’ ಎಂಬುದರ ವ್ಯಾಖ್ಯೆಯಲ್ಲಿ ವ್ಯಂಗ್ಯಚಿತ್ರಕಾರನನ್ನು ಹೆಸರಿಸಿಯೇ ಸೇರಿಸಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ ಕಾರ್ಮಿಕ ಸಂಹಿತೆಯೂ ವ್ಯಂಗ್ಯಚಿತ್ರಕಾರನನ್ನು ಪತ್ರಕರ್ತನೆಂದೇ ಪರಿಗಣಿಸುತ್ತದೆ, ಡಿಜಿಟಲ್ ಮಾಧ್ಯಮವನ್ನೂ ಒಳಗೊಳ್ಳುತ್ತದೆ. ನೇಮಕಾತಿ ಪತ್ರದಲ್ಲಿ ‘ಕಲಾವಿದ’, ‘ವಿನ್ಯಾಸಕ’ ಎಂದಷ್ಟೇ ಬರೆಸಿಕೊಳ್ಳದೆ ‘ವ್ಯಂಗ್ಯಚಿತ್ರಕಾರ’ ಎಂದೇ ಬರೆಸಿಕೊಳ್ಳುವುದು ಲೇಸು.

ತಿರಸ್ಕಾರ ಮತ್ತು ಮೊಕದ್ದಮೆ

ಬರೆದದ್ದೆಲ್ಲ ಅಚ್ಚಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ‘ಮೇಲ್ ಟುಡೇ’ ಪತ್ರಿಕೆ, ಚೀನಾದ ಪ್ರಭಾವದ ವಿಸ್ತರಣೆ ಕುರಿತು ಸತೀಶ್ ಆಚಾರ್ಯ ಬರೆದ ಚಿತ್ರವನ್ನು ಪ್ರಕಟಿಸಲಿಲ್ಲ. ಆ ವಿವಾದದೊಂದಿಗೆ ಪತ್ರಿಕೆಯೊಡನೆ ಅವರ ನಂಟು ಮುಗಿಯಿತು. ಚಿತ್ರ ಜಾಲತಾಣಗಳಲ್ಲಿ ಅಸಂಖ್ಯ ಓದುಗರನ್ನು ತಲುಪಿತು. ಎಲ್ಲರಿಗೂ ಹೀಗೆ ಎದ್ದು ಬರುವ ಅನುಕೂಲವಿರುವುದಿಲ್ಲ. ತಿಂಗಳ ಬಿಲ್ಲು ಒಂದೇ ಪತ್ರಿಕೆಯಿಂದ ಬರುವವನಿಗೆ ನಿರಾಕರಣೆಯ ಹಕ್ಕು ಕಾಗದದ ಮೇಲಷ್ಟೇ ಇರುತ್ತದೆ. ಆದಾಯ ಹಲವು ಕಡೆಯಿಂದ ಬರಲಿ ಎನ್ನುವುದು ಈ ಕಾರಣಕ್ಕಾಗಿಯೂ.

ಪ್ರಕಟವಾದ ಬಳಿಕದ ಅಪಾಯ ಬೇರೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂರು ಕಲಮುಗಳನ್ನು ವ್ಯಂಗ್ಯಚಿತ್ರಕಾರ ನೆನಪಿಡಬೇಕು: ಗುಂಪುಗಳ ನಡುವೆ ದ್ವೇಷ ಹರಡುವುದಕ್ಕೆ ಸಂಬಂಧಿಸಿದ 196, ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದಕ್ಕೆ ಸಂಬಂಧಿಸಿದ 299, ಮಾನಹಾನಿಯ 356. ಕೋಮುಸೂಕ್ಷ್ಮವೆಂಬ ಹಣೆಪಟ್ಟಿ ಹೊತ್ತ ಕರಾವಳಿಯಲ್ಲಿ ದೂರು ದಾಖಲಾಗಲು ಬಹಳ ಹೊತ್ತು ಬೇಕಿಲ್ಲ. ಅಸೀಂ ತ್ರಿವೇದಿ 2012ರ ಸೆಪ್ಟೆಂಬರ್‌ನಲ್ಲಿ ರಾಜದ್ರೋಹದ ಆರೋಪದಡಿ ಮುಂಬೈಯಲ್ಲಿ ಬಂಧಿತರಾದರು. ಆರೋಪವನ್ನು ಬಳಿಕ ಕೈಬಿಡಲಾಯಿತು. ಅದೇ ವರ್ಷ ಕೋಲ್ಕತ್ತದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಮುಖ್ಯಮಂತ್ರಿಯ ಕುರಿತ ವ್ಯಂಗ್ಯಚಿತ್ರವನ್ನು ಇಮೇಲಿನಲ್ಲಿ ಇತರರಿಗೆ ರವಾನಿಸಿದ್ದಕ್ಕೆ ಬಂಧನಕ್ಕೊಳಗಾದರು. ಪ್ರಕರಣದಿಂದ ಅವರಿಗೆ ಬಿಡುಗಡೆ ಸಿಕ್ಕಿದ್ದು 2023ರ ಜನವರಿಯಲ್ಲಿ, ಹನ್ನೊಂದನೇ ವರ್ಷದಲ್ಲಿ. 2025ರ ಫೆಬ್ರುವರಿಯಲ್ಲಿ ಪ್ರಧಾನಿಯ ಅಮೆರಿಕ ಭೇಟಿಯ ಕುರಿತ ಚಿತ್ರವೊಂದಕ್ಕಾಗಿ ತಮಿಳಿನ ‘ವಿಕಟನ್’ ಜಾಲತಾಣವನ್ನೇ ತಡೆಹಿಡಿಯಲಾಯಿತು. ಆ ಪುಟವನ್ನು ತಾತ್ಕಾಲಿಕವಾಗಿ ತೆಗೆದರೆ ತಾಣವನ್ನು ತೆರವುಗೊಳಿಸುವಂತೆ ಮದ್ರಾಸ್ ಹೈಕೋರ್ಟ್ ಮಾರ್ಚ್‌ನಲ್ಲಿ ಸೂಚಿಸಿತು.

ಈ ಪ್ರಕರಣಗಳಲ್ಲಿ ಶಿಕ್ಷೆಗಿಂತ ಮೊದಲೇ ಕಲಾವಿದರನ್ನು ಹಣಿದದ್ದು ಅಲೆದಾಟ. ಪತ್ರಿಕೆಯಲ್ಲಿ ಪ್ರಕಟವಾದರೆ ಸಂಪಾದಕರು, ಪ್ರಕಾಶಕರು ಜೊತೆಗಿರುತ್ತಾರೆ, ವಕೀಲರ ವ್ಯವಸ್ಥೆಯಿರುತ್ತದೆ. ಸ್ವಂತ ಖಾತೆಯಲ್ಲಿ ಹಾಕಿದ ಚಿತ್ರಕ್ಕೆ ಕಲಾವಿದ ಒಬ್ಬನೇ ಹೊಣೆ. ಜಾಲತಾಣವನ್ನೇ ಮೊದಲ ಮೆಟ್ಟಿಲಾಗಿ ಮಾಡಿಕೊಂಡ ತಲೆಮಾರಿಗೆ ಈ ವ್ಯತ್ಯಾಸ ಬಹುಮಟ್ಟಿಗೆ ತಿಳಿದೇ ಇಲ್ಲ. ಪ್ರತಿ ಚಿತ್ರಕ್ಕೆ ಆಧಾರವಾದ ಸುದ್ದಿಯ ತುಣುಕು, ಬರೆದ ದಿನಾಂಕ, ಮೂಲ ಕಡತ ಇವುಗಳನ್ನು ಕಾಪಿಡುವ ರೂಢಿ ಮುಂದೆ ನ್ಯಾಯಾಲಯದಲ್ಲಿಯೂ ಕೃತಿಚೌರ್ಯದ ತಕರಾರಿನಲ್ಲಿಯೂ ನೆರವಾಗುತ್ತದೆ.

ಕೆಲಸ ಕೇಳುವಾಗ

ಸಂಪಾದಕರಿಗೆ ನೂರು ಚಿತ್ರ ಕಳುಹಿಸುವುದರಿಂದ ಪ್ರಯೋಜನವಿಲ್ಲ. ಹದಿನೈದು ಇಪ್ಪತ್ತು ಸಾಕು. ಅವುಗಳಲ್ಲಿ ಸತತ ಹತ್ತು ದಿನಗಳ ಸುದ್ದಿಗೆ ಆಯಾ ದಿನವೇ ಬರೆದ ಹತ್ತು ಚಿತ್ರಗಳಿರಲಿ. ದಿನವೂ ಬರೆಯಬಲ್ಲ ಶಕ್ತಿಗೆ ಅದೇ ಪುರಾವೆ. ಎರಡು ಮೂರು ಕ್ಯಾರಿಕೇಚರ್ ಸೇರಿಸಬೇಕು. ಸಿನಿಮಾ ನಟರ ಮುಖ ಸುಲಭವೆಂದು ಎಲ್ಲರೂ ಬರೆಯುತ್ತಾರೆ. ಜಿಲ್ಲೆಯ ರಾಜಕಾರಣಿಯೊಬ್ಬರ ಮುಖವಿದ್ದರೆ ಗಮನ ಸೆಳೆಯುತ್ತದೆ. ಒಂದು ಕಾಲಂ ಅಗಲಕ್ಕೆ ಕುಗ್ಗಿಸಿದಾಗಲೂ ಅಡಿಬರಹ ಓದಲು ಬರುವುದೇ, ಬಣ್ಣವಿಲ್ಲದೆಯೂ ಚಿತ್ರ ನಿಲ್ಲುವುದೇ ಎಂದು ಕಾಗದದ ಮೇಲೆ ಮುದ್ರಿಸಿ ನೋಡಬೇಕು, ಏಕೆಂದರೆ ಮೊಬೈಲ್ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಾಗುಣಿತವನ್ನು ಇನ್ನೊಬ್ಬರಿಂದ ಓದಿಸಬೇಕು. ಒತ್ತಕ್ಷರ ತಪ್ಪಿದ ಅಡಿಬರಹದ ಚಿತ್ರವನ್ನು ಸುದ್ದಿಮನೆ ನೋಡುವ ಮೊದಲೇ ಬದಿಗಿಡುತ್ತದೆ.

ಸ್ಥಳೀಯ ಪತ್ರಿಕೆಗೆ ವಾರಕ್ಕೊಂದು ಚಿತ್ರದಿಂದ ಆರಂಭಿಸುವುದು ಈಗಲೂ ಸಾಧ್ಯ. ಸಂಭಾವನೆ ಎಷ್ಟೇ ಇರಲಿ, ಬರಹದಲ್ಲಿ ಒಪ್ಪಿಕೊಳ್ಳಬೇಕು. ‘ಪ್ರಚಾರ ಸಿಗುತ್ತದೆ’ ಎಂಬುದನ್ನೇ ಸಂಭಾವನೆಯೆಂದು ಮುಂದಿಡುವವರಿಗೆ ಮೂರಕ್ಕಿಂತ ಹೆಚ್ಚು ಚಿತ್ರ ಕೊಡುವುದು ಬೇಡವೆಂಬುದು ಈ ವೃತ್ತಿಯಲ್ಲಿ ಪಳಗಿದ ಹಲವರ ಲೆಕ್ಕಾಚಾರ.